ಸ್ತಾರಾ ವೆರ್ಬಾದ ದಾರಿ ಹೇಳಿ

"ಉತ್ತರ ಬಂದಿಲ್ಲ ಡಾಕ್ಟ್ರೇ. ಇನ್ನು ಬರುವ ಹಾಗೂ ಕಾಣುವುದಿಲ್ಲ."

ನಝೀಮ್ ದನಿ ಎತ್ತಿ ಹೇಳಿದ್ದಲ್ಲ. ಆದರೂ ಮೇಜಿನ ಈಚೆ ಕುಳಿತಿದ್ದ ರುಮೈಸಾಳ ಬೆರಳುಗಳು ತಣ್ಣಗಾದವು. ಅವನ್ನು ಬಿಳಿ ಕೋಟಿನ ಜೇಬಿನೊಳಗೆ ಬಚ್ಚಿಟ್ಟುಕೊಂಡಳು.

2014ರ ಆಗಸ್ಟ್ ತಿಂಗಳು. ಸೌದಿಯ ಹುಫೂಫ್ ಪಟ್ಟಣದ ಆ ಖಾಸಗಿ ಆಸ್ಪತ್ರೆಯಲ್ಲಿ ವೈದ್ಯರ ಸರ್ಟಿಫಿಕೇಟುಗಳನ್ನೆಲ್ಲ ಮತ್ತೊಮ್ಮೆ ಪರಿಶೀಲಿಸುತ್ತಿದ್ದರು. ಓದಿದ ಕಾಲೇಜಿಗೆ ಪತ್ರ ಬರೆಯುವುದು, 'ಹೌದು, ಇವರು ನಮ್ಮಲ್ಲೇ ಓದಿದವರು' ಎಂಬ ಉತ್ತರ ತರಿಸಿಕೊಳ್ಳುವುದು ನಝೀಮನ ಕೆಲಸ. ಎಲ್ಲರ ಉತ್ತರವೂ ಬಂದಿತ್ತು. ಹೆಂಗಸರ ವಿಭಾಗದ ಡಾಕ್ಟರ್ ರುಮೈಸಾ ಓದಿದ್ದು ಮಾತ್ರ ಪೂರ್ವ ಉಕ್ರೇನಿನ ಸ್ತಾರಾ ವೆರ್ಬಾ ಎಂಬ ಪುಟ್ಟ ಊರಿನಲ್ಲಿ. ಅಲ್ಲಿ ಈಗ ಯುದ್ಧ. ಕಾಲೇಜಿಗೆ ಬೀಗ ಬಿದ್ದಿತ್ತು. ಫೋನು ಸದ್ದಿಲ್ಲದೆ ಸತ್ತಿತ್ತು.

"ಉತ್ತರ ಬಾರದಿದ್ರೆ?"

"ಮೂರು ವಾರಕ್ಕೆ ಸಮಿತಿ ಕೂತ್ಕೊಳ್ತದೆ. ಸರ್ಟಿಫಿಕೇಟು ನಕಲಿ ಅಂತ ಅವರಿಗೆ ಕಂಡರೆ..." ಅವನು ವಾಕ್ಯ ಮುಗಿಸಲಿಲ್ಲ.

ಮುಗಿಸುವ ಅಗತ್ಯವೂ ಇರಲಿಲ್ಲ. ಕಳೆದ ವರ್ಷ ಬೇರೊಂದು ಊರಿನ ಆಸ್ಪತ್ರೆಯಿಂದ ಒಬ್ಬ ಲ್ಯಾಬ್ ಟೆಕ್ನಿಷಿಯನ್ನನ್ನು ಇದೇ ಕಾರಣಕ್ಕೆ ಪೊಲೀಸರು ಕರೆದೊಯ್ದಿದ್ದರು. ಅವನ ಊಟದ ಡಬ್ಬಿ ಮೂರು ದಿನ ಮೇಜಿನ ಮೇಲೆಯೇ ಇತ್ತಂತೆ. ಆ ಡಬ್ಬಿ ರುಮೈಸಾಳ ತಲೆಯಿಂದ ಹೋಗಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಗಂಡಸು ಹೆಂಗಸು ಇಬ್ಬರೇ ಕೂರುವಂತಿಲ್ಲವೆಂದು ಹೆಡ್ ನರ್ಸ್ ಸಫಿಯತ್ ಹೊಸ್ತಿಲ ಪಕ್ಕ ಕುರ್ಚಿ ಹಾಕಿಕೊಂಡು ತಸ್ಬಿಹ್‌ನ ಜಪಮಣಿ ಎಣಿಸುತ್ತಿದ್ದರು. ಪುತ್ತೂರಿನ ಕಡೆಯ ಹೆಂಗಸು, ಐವತ್ತು ದಾಟಿದವರು. ಎದ್ದು ಬಂದು ಒಂದು ಲೋಟ ನೀರನ್ನು ರುಮೈಸಾಳ ಮುಂದಿಟ್ಟು ಮತ್ತೆ ಹೋಗಿ ಕುಳಿತರು.

"ಒಂದು ದಾರಿ ಉಂಟು," ಎಂದ ನಝೀಮ್. "ಕಾಗದ ಮಾತಾಡದಿದ್ರೆ ಮನುಷ್ಯರನ್ನೇ ಕೇಳ್ಬೇಕು. ನನ್ನ ಅಭಿಪ್ರಾಯವನ್ನು ಸಮಿತಿ ಓದ್ತದೆ. ಆ ಊರಿನ ಬಗ್ಗೆ ಹೇಳಿ. ಎಂತ ಉಂಟು ಅಲ್ಲಿ, ಎಲ್ಲೆಲ್ಲಿ ಉಂಟು. ನಾನು ನಕಾಶೆ ಹಿಡಿದು ತಾಳೆ ನೋಡ್ತೇನೆ."

ಅವನು ಕಾಪುವಿನ ಬ್ಯಾರಿ, ಅವಳು ಭಟ್ಕಳದ ನವಾಯತಿ. ಇಬ್ಬರೂ ಕರಾವಳಿಯ ಮುಸ್ಲಿಮರೇ ಆದರೂ ಮನೆಮಾತು ಬೇರೆ ಬೇರೆಯಾದ್ದರಿಂದ ಇಬ್ಬರಿಗೂ ಸಮನಾಗಿ ಸಿಕ್ಕಿದ್ದು ಶಾಲೆಯಲ್ಲಿ ಕಲಿತ ಕನ್ನಡ. ರುಮೈಸಾ ನೀರು ಕುಡಿದು, ಲೋಟ ಕೆಳಗಿಟ್ಟು, ಹೇಳತೊಡಗಿದಳು.

ಇನ್ನೂರು ವರ್ಷಗಳ ಹಿಂದೆ ಯಾವುದೋ ಜಮೀನುದಾರನ ಹೊಡೆತ ತಾಳಲಾರದೆ ಓಡಿಬಂದ ಹನ್ನೊಂದು ಮನೆಯವರು ಹೊಳೆಯ ದಂಡೆಯಲ್ಲಿ ವಿಲೋ ಗಿಡ ನೆಟ್ಟು ಕಟ್ಟಿದ ಊರದು. 'ವೆರ್ಬಾ' ಎಂದರೆ ಆ ಮರವೇ. ಆಮೇಲೆ ಒಬ್ಬ ಧಣಿ ಬಂದು ಬಿಳಿ ಕಂಬಗಳ ದೊಡ್ಡ ಮನೆ ಕಟ್ಟಿಸಿದ. ಅವನೂ ಹೋದ. ಮನೆ ಶಾಲೆಯಾಯಿತು, ಎರಡನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯಾಯಿತು, ಕೊನೆಗೆ ಮೆಡಿಕಲ್ ಕಾಲೇಜಾಯಿತು. ಅದರ ಉತ್ತರದ ಗೋಡೆಯಲ್ಲಿ ಗುಂಡಿನ ತೂತುಗಳಿವೆ. ಮರೆಯಬಾರದೆಂದು ಯಾರೂ ಗಾರೆ ಹಚ್ಚಿಲ್ಲ.

"ಪಕ್ಕದಲ್ಲಿ ಗ್ಲಿನಿಶ್ಚೆ ಅಂತ ಕುಂಬಾರರ ಹಳ್ಳಿ. ಅವರ ಗಡಿಗೆಗೆ ಹಸಿರು ಬಣ್ಣ. ಅದರಾಚೆ ಮಲಾ ವೆರ್ಬಾ. ಅಲ್ಲೊಂದು ಸಮಾಧಿಯ ಕಲ್ಲುಂಟು, ಅದರ ಮೇಲೆ ಒಂದೂ ಹೆಸರಿಲ್ಲ. ಬರಗಾಲದ ವರ್ಷ ಹೆಸರು ಬರೆಯುವವರೇ ಉಳಿಯಲಿಲ್ಲ ಅಂತ. ಮರದ ತೊಗಟೆ ಬೇಯಿಸಿ ತಿಂದಿದ್ರಂತೆ. ಅದಕ್ಕೇ ಅಲ್ಲಿಯ ಮುದುಕಿಯರು ರೊಟ್ಟಿಯ ಪುಡಿಯನ್ನೂ ಬಿಸಾಡುವುದಿಲ್ಲ, ಅಂಗೈಯಲ್ಲಿ ಒಟ್ಟು ಮಾಡಿ ಬಾಯಿಗೆ ಹಾಕ್ಕೊಳ್ತಾರೆ."

ನಝೀಮನ ಪೆನ್ನು ಯಾವಾಗಲೋ ನಿಂತಿತ್ತು. ಅವನು ಬರೆಯುವುದನ್ನು ಮರೆತು ಅವಳ ಮುಖ ನೋಡುತ್ತಿದ್ದ. ಅವಳು ಕಣ್ಣೆತ್ತಿದ ಕೂಡಲೇ ತಬ್ಬಿಬ್ಬಾಗಿ ಬರೆಯತೊಡಗಿದ. ಪೆನ್ನಿನ ಮುಚ್ಚಳ ತೆಗೆದಿರಲೇ ಇಲ್ಲ.

"ಮುಚ್ಚಳ, ಮೋನೆ," ಎಂದರು ಸಫಿಯತ್ ಹೊಸ್ತಿಲಿಂದ, ಮಗನನ್ನು ಕರೆಯುವಂತೆ.

ಅಷ್ಟು ಹೆದರಿಕೆಯಲ್ಲೂ ರುಮೈಸಾಳ ತುಟಿಯ ತುದಿ ಒಂದಿಷ್ಟು ಸಡಿಲವಾಯಿತು.

*

ಮರುವಾರ ಅವನು ಕರೆಸಿದಾಗ ಮುಖದಲ್ಲಿ ಆ ಸಲಿಗೆ ಇರಲಿಲ್ಲ. ಮೇಜಿನ ಮೇಲೆ ಉಪಗ್ರಹದಿಂದ ತೆಗೆದ ನಕಾಶೆಯ ಪ್ರಿಂಟು ಇತ್ತು. ಎರಡು ಕಡೆ ಕೆಂಪು ಗುರುತು.

"ಇದು ನಿಮ್ಮ ಹಾಸ್ಟೆಲು. ಇದು ಇಟ್ಟಿಗೆಯ ನೀರಿನ ಗೋಪುರ. ಕಿಟಕಿಯಿಂದ ಗೋಪುರ ಕಾಣ್ತಿತ್ತು, ನಾವು ಹುಡುಗಿಯರು ಆ ಕಡೆ ತಿರುಗಿ ನಮಾಝ್ ಮಾಡ್ತಿದ್ದೆವು ಅಂತ ಮೊನ್ನೆ ಹೇಳಿದಿರಿ."

"ಹೌದು."

"ಗೋಪುರ ಇರುವುದು ಪಡುವಣಕ್ಕೆ. ಉಕ್ರೇನಿನಿಂದ ಮಕ್ಕಾ ತೆಂಕು ದಿಕ್ಕಿಗೆ, ಡಾಕ್ಟ್ರೇ. ಅಲ್ಲಿ ಇದ್ದವರಿಗೆ ಇದು ತಪ್ಪಲಿಕ್ಕೆ ಸಾಧ್ಯವಾ?" ಅವನ ದನಿ ಒರಟಾಗಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. "ಯಾರೋ ಹೇಳಿಕೊಟ್ಟದ್ದನ್ನು ಕಲಿತು ಬಂದ ಹಾಗೆ ಕಾಣ್ತದೆ. ದಯವಿಟ್ಟು ನಿಜ ಹೇಳಿ."

ತಸ್ಬಿಹ್‌ನ ಮಣಿಗಳ ಸದ್ದು ನಿಂತುಹೋಯಿತು.

ರುಮೈಸಾಳ ಮುಖ ಕೆಂಪಾಯಿತು. ಮೊನ್ನೆ ನಾಚಿಕೆಯಿಂದ ಅರ್ಧವನ್ನೇ ನುಂಗಿಕೊಂಡಿದ್ದಳು. ಈಗ ಆ ನಾಚಿಕೆ ಅವಳ ಕತ್ತು ಹಿಡಿದಿತ್ತು. ಊಟದ ಡಬ್ಬಿ ಕಣ್ಣ ಮುಂದೆ ಬಂತು. ಅವಳು ನಕಾಶೆಯನ್ನು ತನ್ನ ಕಡೆ ಎಳೆದುಕೊಂಡಳು.

"ನಿಮ್ಮ ಕಾಪುವಿನಲ್ಲಿ ಯಾವ ಕಡೆ ತಿರುಗಿ ನಮಾಝ್ ಮಾಡ್ತೀರಿ?"

"ಸಮುದ್ರದ ಕಡೆ. ಪಡುವಣಕ್ಕೆ."

"ನಮ್ಮ ಭಟ್ಕಳದಲ್ಲೂ ಅಷ್ಟೇ. ನಾವು ನಾಲ್ಕು ಜನ, ಹದಿನೆಂಟು ವರ್ಷದವರು. ಹೋದ ದಿನ ಹಿಮ ಬೀಳ್ತಿತ್ತು. ಮರುದಿನ ಬಿಸಿಲು ಬಂದಾಗ ಸೂರ್ಯ ಎಲ್ಲಿ ಮುಳುಗ್ತಾನೆ ಅಂತ ನೋಡಿದೆವು, ಗೋಪುರದ ಹಿಂದೆ ಮುಳುಗಿದ. ಹಾಸುಬಟ್ಟೆ ಹಾಕಿದೆವು. ನಮಾಝಿನ ಕಿಬ್ಲಾ ದಿಕ್ಕು ಅಂದ್ರೆ ಪಡುವಣ ಅಂತಲೇ ಹುಟ್ಟಿದಾಗಿನಿಂದ ತಲೆಯಲ್ಲಿ ಕೂತಿತ್ತಲ್ಲ, ಯೋಚನೆಯೇ ಬರಲಿಲ್ಲ. ನಲವತ್ತು ದಿನ! ನಲವತ್ತು ದಿನ ಆ ನೀರಿನ ಟಾಂಕಿಗೆ ನಮಾಝ್ ಮಾಡಿದೆವು. ಇದನ್ನು ಮನೆಯವರಿಗೂ ಹೇಳಿಲ್ಲ ನಾನು."

ನಝೀಮ್ ಪೆನ್ನು ಕೆಳಗಿಟ್ಟ.

"ಆಮೇಲೆ?" ಅವನ ದನಿ ಬದಲಾಗಿತ್ತು.

"ಹಾಸ್ಟೆಲಿನ ವಾರ್ಡನ್ ಇದ್ರು, ಹಾಲಿನಾ ಪೆತ್ರಿವ್ನಾ. ಅವರು ಚಿಕ್ಕವರಿದ್ದಾಗ ಪಕ್ಕದ ಮನೆಯಲ್ಲಿ ಕ್ರಿಮಿಯಾದ ತಾತಾರ ಮುಸ್ಲಿಂ ಮುದುಕ ಒಬ್ಬರು ಇದ್ರಂತೆ. ಅವರು ನಮಾಝಿಗೆ ಹೊಳೆಯ ಸೇತುವೆ ಕಡೆ ತಿರುಗ್ತಿದ್ದದ್ದು ಇವರಿಗೆ ನೆನಪಿತ್ತು. ನಮಗೆ ಹೇಳಲಿಕ್ಕೆ ಅವರಿಗೆ ಸಂಕೋಚ. ಒಂದು ದಿನ ನಮಾಝ್ ಮುಗಿಯುವವರೆಗೆ ಬಾಗಿಲಲ್ಲೇ ಕಾದು ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದು, ಬಗ್ಗಿ, ಹಾಸುಬಟ್ಟೆಯನ್ನು ಮೆಲ್ಲಗೆ ತೆಂಕು ಕಡೆ ತಿರುಗಿಸಿಟ್ರು. ನಮ್ಮನ್ನು ನೋಡಿ ನಗಲಿಲ್ಲ. ಚಾ ಮಾಡಿ ತಂದ್ರು."

ನಝೀಮ್ ಕೈಯಿಂದ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಅವನು ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು.

"ನಗ್ತೀರಾ?"

"ನಿಮಗಲ್ಲ, ಮಾರಾಯ್ರೆ! ನಾನು ಮೊದಲು ಕೆಲಸಕ್ಕೆ ಬಂದದ್ದು ಜಿದ್ದಾಕ್ಕೆ. ರೂಮಿನ ಕಿಟಕಿಯಲ್ಲಿ ಸಮುದ್ರ ಕಂಡಿತು. ಊರಿನ ಹಾಗೇ ಉಂಟಲ್ಲ ಅಂತ ಸಂತೋಷದಲ್ಲಿ ಅತ್ತ ತಿರುಗಿ ನಿಂತೆ. ಜಿದ್ದಾದಿಂದ ಮಕ್ಕಾ ಮೂಡು ದಿಕ್ಕಿಗೆ! ಪವಿತ್ರ ಕಾಬಾಕ್ಕೆ ಸರಿಯಾಗಿ ಬೆನ್ನು ಹಾಕಿದ್ದೆ. ಜೊತೆಯಲ್ಲಿದ್ದ ಒಬ್ಬ ಹಿರಿಯರು ಹಿಂದಿನಿಂದ ಬಂದು ಭುಜ ಹಿಡಿದು ತಿರುಗಿಸಿದ್ರು. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ."

"ಯಾ ಅಲ್ಲಾಹ್," ಎಂದರು ಸಫಿಯತ್. "ಒಬ್ಬರು ಟಾಂಕಿಗೆ, ಇನ್ನೊಬ್ಬರು ಮೀನಿಗೆ. ಒಳ್ಳೆ ಜೋಡಿ."

ಸಫಿಯತ್ ಆಡಿದ ಕೊನೆಯ ಮಾತು ಕೋಣೆಯಲ್ಲಿ ಹಾಗೇ ಉಳಿಯಿತು. ನಝೀಮ್ ನಕಾಶೆ ಮಡಚಿದ. ರುಮೈಸಾ ತಲೆವಸ್ತ್ರದ ಅಂಚನ್ನು ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇದ್ದರೂ.

*

ಆಮೇಲೆ ಕಡತಕ್ಕೆ ಬೇಡದ ಪ್ರಶ್ನೆಗಳೂ ಬರತೊಡಗಿದವು. ಕುಂಬಾರರ ಹಸಿರು ಬಣ್ಣ ಎಲೆಯ ಹಸಿರಾ, ಕಡಲ ಹಸಿರಾ? ಹೊಳೆ ಹೆಪ್ಪುಗಟ್ಟಿದಾಗ ಮೀನುಗಳು ಎಂತ ಮಾಡ್ತವೆ?

"ಇದೂ ಸಮಿತಿಗೆ ಬೇಕಾ?" ಎಂದು ಅವಳು ಕೇಳಿದರೆ, ಅವನು ಕಡತದೊಳಗೆ ತಲೆ ಹುದುಗಿಸಿ, "ಸಮಿತಿ ಬಹಳ ಸೂಕ್ಷ್ಮ," ಎನ್ನುತ್ತಿದ್ದ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಆದರೆ ಕೋಣೆಯಿಂದ ಹೊರಬಿದ್ದ ಕೂಡಲೇ ಹೆದರಿಕೆ ಅವಳ ಜೊತೆ ಹೆಜ್ಜೆ ಹಾಕುತ್ತಿತ್ತು. ಯಾರಾದರೂ ಹೆಸರು ಕೂಗಿದರೆ ಪೊಲೀಸರೇ ಎಂದು ತಿರುಗಿ ನೋಡುತ್ತಿದ್ದಳು. ದಿನಕ್ಕೆರಡು ಬಾರಿ ಹಾಲಿನಾ ಪೆತ್ರಿವ್ನಾರ ನಂಬರಿಗೆ ಫೋನು ಹಚ್ಚುತ್ತಿದ್ದಳು. ಎತ್ತುವವರಿಲ್ಲ. ತನ್ನ ಕೆಲಸಕ್ಕಾಗಿ ಹೆದರುತ್ತಿದ್ದೇನೋ, ಆ ಮುದುಕಿಯ ಜೀವಕ್ಕಾಗಿಯೋ ಎಂದು ಅವಳಿಗೇ ಬೇರ್ಪಡಿಸಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಝೀಮ್ ಎರಡು ಚಿತ್ರಗಳನ್ನು ಮೇಜಿನ ಮೇಲೆ ಮಗುಚಿಟ್ಟ.

"ಒಂದು ಹೋದ ವಾರದ್ದು. ಎರಡು ದಿನದಿಂದ ನನ್ನ ಹತ್ರ ಉಂಟು, ತೋರಿಸಲಿಕ್ಕೆ ಧೈರ್ಯ ಬರಲಿಲ್ಲ. ಇನ್ನೊಂದು ಹಳೆಯದು, ಹುಡುಕಿ ಪ್ರಿಂಟ್ ಹಾಕಿಸಿದೆ. ಯಾವುದನ್ನು ಮೊದಲು ನೋಡ್ಬೇಕು ಅಂತ ನೀವೇ ಹೇಳಿ."

ಅವಳು ಹೊಸದನ್ನೇ ತಿರುಗಿಸಿದಳು. ನೀರಿನ ಗೋಪುರಕ್ಕೆ ತಲೆಯಿರಲಿಲ್ಲ. ಇಟ್ಟಿಗೆಗಳು ಬೀದಿಯ ತುಂಬ ಬಿದ್ದಿದ್ದವು. ಹಾಸ್ಟೆಲಿನ ಕಿಟಕಿಗಳಿಗೆ ಗಾಜಿರಲಿಲ್ಲ. ಮೂರನೆಯ ಕಿಟಕಿ ಅವಳದ್ದು.

ಅವಳು ಅಳಲಿಲ್ಲ. ಹಳೆಯ ಚಿತ್ರವನ್ನು ತಿರುಗಿಸಿ, ಬಿಸಿಲಲ್ಲಿ ನಿಂತ ಇಡೀ ಗೋಪುರ ಕಂಡಾಗ ಅತ್ತಳು. ನಝೀಮ್ ಎದ್ದು ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ನಿಂತ. ಅವಳ ಅಳು ಮುಗಿಯುವವರೆಗೂ ತಿರುಗಲಿಲ್ಲ.

*

ಸಮಿತಿಗೆ ಮೂರು ದಿನವಿರುವಾಗ ಗುರುವಾರ ಸಫಿಯತ್ ಒಂದು ಸುದ್ದಿ ತಂದರು. ರುಮೈಸಾಳ ಕಡತ ಈಗ ನಝೀಮನ ಬಳಿ ಇಲ್ಲವಂತೆ. ತಾನೇ ಮೇಲಧಿಕಾರಿಯ ಕೈಗೆ ಒಪ್ಪಿಸಿಬಿಟ್ಟನಂತೆ. ಭಾನುವಾರ ಸಮಿತಿಯ ಮುಂದೆ ಅವಳ ಪರ ಮಾತಾಡುವವರು ಯಾರೂ ಇಲ್ಲ.

ರುಮೈಸಾ ಹೊರರೋಗಿಗಳ ವಿಭಾಗದಿಂದ ನೇರ ಅವನ ಕೋಣೆಗೆ ನಡೆದಳು. ಸಫಿಯತ್ ಏದುಸಿರು ಬಿಡುತ್ತ ಹಿಂದೆ ಬಂದರು.

"ಕೈಬಿಟ್ರಾ ನನ್ನನ್ನು?"

ಅವನು ಎದ್ದು ನಿಂತ. "ಅಭಿಪ್ರಾಯ ಬರೆದಾಗಿದೆ. ಈ ಹೆಂಗಸು ಆರು ವರ್ಷ ಆ ಊರಲ್ಲಿ ಬದುಕಿದ್ದಾರೆ, ನನಗೆ ಅನುಮಾನವೇ ಇಲ್ಲ ಅಂತ. ಸಹಿ ಹಾಕಿದ ಮೇಲೆ ಕಡತ ಕೊಟ್ಟೆ."

"ಯಾಕೆ? ಭಾನುವಾರ ಅವರು ಏನಾದ್ರೂ ಕೇಳಿದ್ರೆ ಯಾರು ಹೇಳುವುದು? ಎಷ್ಟು ಹೆದರಿದ್ದೇನೆ ಅಂತ ಗೊತ್ತುಂಟಾ ನಿಮಗೆ?"

"ಗೊತ್ತುಂಟು. ನನಗೂ ಹೆದರಿಕೆಯೇ." ಅವನು ಮೇಜಿನ ಅಂಚು ಹಿಡಿದುಕೊಂಡ. "ಆದ್ರೆ ನಿಮ್ಮ ಹತ್ರ ಒಂದು ಮಾತು ಕೇಳ್ಲಿಕ್ಕುಂಟು. ಕಡತ ಕೈಯಲ್ಲಿಟ್ಟುಕೊಂಡು ಕೇಳಿದ್ರೆ ನಿಮಗೆ ಇಲ್ಲ ಅನ್ನಲಿಕ್ಕೆ ಭಯ ಆಗ್ತದೆ. ಸಮಿತಿ ಆದ ಮೇಲೆ ಕೇಳಿದ್ರೆ, ಸೋತಿದ್ರೆ ಕನಿಕರ ಅಂತೀರಿ, ಗೆದ್ದಿದ್ರೆ ಋಣ ಅಂತೀರಿ. ಕೇಳ್ಲಿಕ್ಕೆ ಉಳಿದದ್ದು ಈ ಮೂರು ದಿನ ಮಾತ್ರ."

ಸಫಿಯತ್ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಮದುವೆಯಾಗ್ತೀರಾ ನನ್ನನ್ನು? ನೀವು ಇಲ್ಲೇ ಉಳಿದ್ರೂ ಸರಿ, ಊರಿಗೆ ಕಳಿಸಿದ್ರೂ ಸರಿ. ಕಳಿಸಿದ್ರೆ ರಜೆ ಹಾಕಿ ಉಮ್ಮನನ್ನು ಕರ್ಕೊಂಡು ಭಟ್ಕಳಕ್ಕೆ ಬರ್ತೇನೆ."

"ನವಾಯತರ ಮನೆಗೆ ಬ್ಯಾರಿಯ ಸಂಬಂಧ," ಎಂದಳು ರುಮೈಸಾ, ದನಿಯೇ ಇಲ್ಲದೆ. "ನಮ್ಮಣ್ಣ ಹಮ್ಮಾದ್ ಭಾಯ್ ಗೊತ್ತಿಲ್ಲ ನಿಮಗೆ."

ಉತ್ತರ ಕೊಡದೆ ಹೊರಟುಹೋದಳು. ತನ್ನ ಕೋಣೆಯಲ್ಲಿ ಕುಳಿತು ಮೊಬೈಲಿನಲ್ಲಿ ಹಮ್ಮಾದನ ನಂಬರು ತೆರೆದು, ಮತ್ತೆ ಮುಚ್ಚಿದಳು. ಇದು ಅಣ್ಣನ ಹೆದರಿಕೆಯೋ, ಸಮಿತಿಯ ಹೆದರಿಕೆಯೋ ತಿಳಿಯಲಿಲ್ಲ. ಶುಕ್ರವಾರ ಕಳೆಯಿತು. ಶನಿವಾರವೂ ಕಳೆಯಿತು.

*

ಭಾನುವಾರ ಹತ್ತು ಗಂಟೆಗೆ ಸಮಿತಿಯ ಕೋಣೆಯ ಹೊರಗೆ ಉದ್ದನೆಯ ಬೆಂಚು. ಒಂದು ತುದಿಯಲ್ಲಿ ರುಮೈಸಾ, ನಡುವೆ ಸಫಿಯತ್. ಆಚೆ ಗೋಡೆಗೊರಗಿ ನಝೀಮ್ ನಿಂತಿದ್ದ.

ಒಳಗಿನಿಂದ ಅವಳ ಹೆಸರು ಕೇಳಿಬಂತು.

ರುಮೈಸಾ ಎದ್ದಳು. ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟವಳು ನಿಂತು, ಹಿಂದಿರುಗಿ, ಔಷಧಿ ಚೀಟಿಯೊಂದನ್ನು ಸಫಿಯತ್‌ರ ಕೈಗಿತ್ತಳು. ಸಫಿಯತ್ ಅದನ್ನು ನಝೀಮನಿಗೆ ದಾಟಿಸಿದರು. ಅದರಲ್ಲಿ ಒಂದು ಫೋನ್ ನಂಬರು.

"ಹಮ್ಮಾದ್ ಭಾಯ್‌ದು, ರಿಯಾದಿನಲ್ಲಿದ್ದಾನೆ," ಎಂದಳು ರುಮೈಸಾ. "ಒಳಗೆ ಏನಾಯ್ತು ಅಂತ ಗೊತ್ತಾಗುವ ಮೊದಲೇ ಮಾಡಿ. ಹೊರಗೆ ಬಂದು ಹ್ಞೂಂ ಅಂದ್ರೆ, ಬೇರೆ ದಾರಿಯಿಲ್ಲದೆ ಅಂದೆ ಅಂತ ನನಗೇ ಅನ್ನಿಸ್ತದೆ. ಅವನು ಕಿರುಚ್ತಾನೆ. ಕಿರುಚಲಿ. ನಾನು ಒಪ್ಪಿದ್ದೇನೆ ಅಂತ ಹೇಳಿ."

ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.

ಒಳಗೆ ಐದು ಜನ, ಒಂದು ಉದ್ದ ಮೇಜು. ಪ್ರಶ್ನೆ ಕೇಳಿದ ಈಜಿಪ್ಟಿನ ವೃದ್ಧ ವೈದ್ಯರು ನಝೀಮ್ ಬರೆದಿದ್ದ ಎಂಟು ಪುಟಗಳನ್ನೂ ಓದಿದ್ದರು. ಅವಳು ತಡವರಿಸಿದಾಗ ತಾವೇ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಮುಂದೆ ಸರಿಸಿದರು. ಪರೀಕ್ಷೆಯಂತೆ ಇಪ್ಪತ್ತು ರೋಗಗಳ ಬಗ್ಗೆ ಕೇಳಿದರು. ಅವಳು ಎಲ್ಲದಕ್ಕೂ ಉತ್ತರಿಸಿದಳು. ಕೊನೆಗೆ ಆರು ತಿಂಗಳ ಅವಧಿ ಕೊಟ್ಟರು. ಅಷ್ಟರೊಳಗೆ ಕಾಲೇಜು ಎಲ್ಲಿಗಾದರೂ ಸ್ಥಳಾಂತರಗೊಂಡು ಉತ್ತರ ಕೊಟ್ಟರೆ ಸರಿ. ಅಲ್ಲಿಯವರೆಗೆ ಹಿರಿಯ ವೈದ್ಯರೊಬ್ಬರ ಕೆಳಗೆ ಕೆಲಸ ಮಾಡಬೇಕು.

ಪೂರ್ತಿ ಬಿಡುಗಡೆಯೇನೂ ಅಲ್ಲ. ಆರು ತಿಂಗಳ ಹೆದರಿಕೆ ಇನ್ನೂ ಬಾಕಿಯಿತ್ತು. ಆದರೆ ಇನ್ನು ಒಬ್ಬಳೇ ಹೆದರಬೇಕಾಗಿಲ್ಲ ಎಂದುಕೊಳ್ಳುತ್ತ ಅವಳು ಬಾಗಿಲು ತೆರೆದಳು.

ಹೊರಗೆ ನಝೀಮ್ ಮೊಬೈಲನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ನಿಂತಿದ್ದ. ಹಮ್ಮಾದನ ನವಾಯತಿ ಬೈಗುಳ ಇಡೀ ಕಾರಿಡಾರಿಗೆ ಕೇಳುತ್ತಿತ್ತು. ಒಂದು ಪದವೂ ಅರ್ಥವಾಗದ ನಝೀಮ್ ನಡುನಡುವೆ, "ಹೌದು ಭಾಯ್... ಸರಿ ಭಾಯ್..." ಎನ್ನುತ್ತಿದ್ದ. ಪಕ್ಕದಲ್ಲಿ ಸಫಿಯತ್, "ಸಲಾಂ ಹೇಳು ಮೋನೆ, ಇನ್ನೊಮ್ಮೆ ಸಲಾಂ ಹೇಳು," ಎಂದು ಪಿಸುಗುಡುತ್ತಿದ್ದರು.

ಅವಳನ್ನು ಕಂಡು ಅವನ ಕಣ್ಣು ಒಂದೇ ಪ್ರಶ್ನೆ ಕೇಳಿತು. ಸದ್ಯಕ್ಕೆ ಉಳಿದೆ ಎಂಬಂತೆ ರುಮೈಸಾ ತಲೆಯಾಡಿಸಿದಳು. ಅವನು ಗೋಡೆಗೊರಗಿ ಉಸಿರು ಬಿಟ್ಟ.

ಅವಳು ಕೈ ಚಾಚಿ ಅವನಿಂದ ಮೊಬೈಲು ತೆಗೆದುಕೊಂಡಳು. ನಝೀಮನಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದಳು.

"ಭಾಯ್, ನಾನು ರುಮೈಸಾ. ಮೊದಲು ಇವರ ಸಲಾಮಿಗೆ ಜವಾಬು ಕೊಡು. ಆಮೇಲೆ ಎಷ್ಟು ಬೇಕಾದ್ರೂ ಕಿರುಚು, ನಾನು ಕೇಳ್ತೇನೆ."