ಎರಡನೇ ಮೈಕಿನವರು

ಪಟ್ಟಿಯ ಮೊದಲ ಹೆಸರಿನ ಮೇಲೆ ಕೆಂಪು ಗೀಟು ಬಿದ್ದಿತ್ತು.

ನಿರೂಪಕಿಯ ಮೈಯೆಲ್ಲ ಉರಿದುಹೋಯಿತು. ‘ಅಚ್ಚುಮೆಚ್ಚಿನ ಹತ್ತು ಪಾಪ್ ಗಾಯಕಿಯರು’ ಅವಳದೇ ಕಾರ್ಯಕ್ರಮ. ಶನಿವಾರ ಬೆಳಿಗ್ಗೆ ಹತ್ತಕ್ಕೆ ನೇರ ಪ್ರಸಾರ. ಗೀಟು ಎಳೆದವನು ರೇಡಿಯೊ ನಿಲಯದ ಹಾಡಿನ ಲೈಬ್ರರಿ ನೋಡಿಕೊಳ್ಳುವವನು. ಅವನ ಸಹಿಯಿಲ್ಲದೆ ಒಂದು ಹೆಸರೂ ಮೈಕ್ ಮುಟ್ಟುವಂತಿರಲಿಲ್ಲ. ಎಲ್ಲರೂ ಅವನನ್ನು ರೂಲ್ಸ್ ರಾಯರು ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಅವಳು ಲೈಬ್ರರಿಯ ಬಾಗಿಲು ದೂಡಿಕೊಂಡು ಒಳಗೆ ಹೋದಳು. “ಇವರನ್ನ ಯಾಕೆ ಹೊಡೆದುಹಾಕಿದ್ರಿ?”

“ಲೈಬ್ರರಿಯಲ್ಲಿ ಇವರ ಹೆಸರಿನ ಕಾರ್ಡ್ ಇಲ್ಲ ಮೇಡಂ. ಕಾರ್ಡ್ ಇಲ್ಲದವರು ನಮ್ಮ ಲೆಕ್ಕದಲ್ಲಿ ಗಾಯಕಿ ಅಲ್ಲ.” ಅವನು ಕನ್ನಡಕದ ಮೇಲಿನಿಂದ ನೋಡಿದ. ಹಾಗೆ ನೋಡಿದಾಗಲೆಲ್ಲ ಅವಳಿಗೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಎರಡು ವರ್ಷದಿಂದ ಬೇಕಿಲ್ಲದ ಹಾಡುಗಳನ್ನೆಲ್ಲ ಕೇಳಿಕೊಂಡು ಇಲ್ಲಿಗೆ ಬರುತ್ತಿದ್ದುದೂ ಆ ನೋಟಕ್ಕೇ. ಇವತ್ತು ಮಾತ್ರ ಅದಕ್ಕೂ ಸೇರಿಸಿ ಸಿಟ್ಟು ಬಂತು.

“ಮೂವತ್ತು ವರ್ಷ ಕೋರಸ್ ಹಾಡಿದ್ದಾರೆ. ಪಟ್ಟಿಯ ಆರನೇ ನಂಬರಿನ ಮಹಾತಾಯಿ ಇದ್ದಾರಲ್ಲ, ಅವರ ಆ ಫೇಮಸ್ ಹಾಡಲ್ಲಿ ಕೊನೆಗೆ ಮೇಲಕ್ಕೆ ಹೋಗೋ ದನಿ ಯಾರದ್ದು? ಇವರದ್ದು.”

“ಕ್ಯಾಸೆಟ್ ಕವರ್ ಮೇಲೆ ಇವರ ಹೆಸರು ಇಲ್ಲವಲ್ಲ.”

“ಅದೇ ಅನ್ಯಾಯ ಅಂತಿರೋದು. ನಿಮಗೆ ಕಿವಿ ಇದೆಯೋ ಬರೀ ಕಾರ್ಡ್ ಇದೆಯೋ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಜೊತೆ ಏನು ವಾದ ಎಂದು ಅವಳು ಬಾಗಿಲು ಬಡಿದು ಬಂದಳು. ಆ ಗಾಯಕಿ ತನ್ನನ್ನು ಸಾಕಿದ ದೊಡ್ಡಮ್ಮ ಎಂದು ಬಾಯಿಬಿಡಲಿಲ್ಲ. ಹೇಳಿದ್ದರೆ ಸ್ವಂತದವರನ್ನು ತುರುಕುತ್ತಿದ್ದಾಳೆ ಎನ್ನುತ್ತಿದ್ದರು. ಪ್ರತಿ ಶನಿವಾರ ರೇಡಿಯೊ ಪಕ್ಕ ಕುರ್ಚಿ ಎಳೆದುಕೊಂಡು ಕೂರುವ ದೊಡ್ಡಮ್ಮನ ಹೆಸರನ್ನು ರೇಡಿಯೊ ಒಂದು ಸಲವೂ ಹೇಳಿರಲಿಲ್ಲ. ಒಂದೇ ಒಂದು ಸಲ ಅದು ಆಗಬೇಕಿತ್ತು.

ಮಂಗಳವಾರ ಅವನು ಕಾರಿಡಾರಿನಲ್ಲಿ ಎದುರಾದ. ಅವಳನ್ನು ಕಂಡವನೇ ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡ. ಬುಧವಾರ ಕ್ಯಾಂಟೀನಿನಲ್ಲೂ ಅದೇ. ಗುರುವಾರ ಲಿಫ್ಟಿನಲ್ಲಿ ಅವಳಿಗೆ ಬೆನ್ನು ತಿರುಗಿಸಿ ಮೂಗು ಹಿಡಿದು ನಿಂತ. ಮೂಗು ಮುಚ್ಚಿಕೊಳ್ಳುವಷ್ಟು ನಾನೇನು ಕೊಳೆತು ನಾರುತ್ತಿದ್ದೇನೆಯೇ? ಅವಳು ಎರಡು ಮಹಡಿ ಮೊದಲೇ ಇಳಿದು ಮೆಟ್ಟಿಲು ಹತ್ತಿದಳು. ಇಂಥವನಿಗಾಗಿ ಎರಡು ವರ್ಷ ಹಾಳುಮಾಡಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಶುಕ್ರವಾರ ಸಂಜೆ ಅವನೇ ಅವಳ ಟೇಬಲ್ಲಿಗೆ ಬಂದ. ಅಂಗಿಯ ತೋಳಿನ ತುಂಬ ಧೂಳು, ಮೂಗು ಕೆಂಪಗೆ. ಒಂದು ಹೊಸ ಕಾರ್ಡನ್ನು ಮುಂದಿಟ್ಟ. ಮೇಲೆ ದೊಡ್ಡಮ್ಮನ ಪೂರ್ತಿ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ನಲವತ್ತಮೂರು ಹಾಡುಗಳು.

“ಹಳೇ ಟೇಪ್ ಡಬ್ಬಿಗಳಲ್ಲಿ, ಯಾವ ಮೈಕಿಗೆ ಯಾರು ನಿಂತಿದ್ರು ಅಂತ ಚೀಟಿ ಇರುತ್ತೆ. ಎಲ್ಲಾ ತೆಗೆದು ನೋಡಿದೆ. ಕೋರಸ್‌ನವರ ಎರಡನೇ ಮೈಕಲ್ಲಿ ಯಾವಾಗಲೂ ಇವರೇ.” ಅವನು ಜೋರಾಗಿ ಸೀನಿದ. “ಗೋಡೌನಿನ ಧೂಳು ನನಗೆ ಆಗಲ್ಲ. ನಿಮ್ಮೆದುರು ಸೀನಬಾರದು ಅಂತ ವಾರವೆಲ್ಲ ಮೂಗು ಹಿಡಿದೇ ಓಡಾಡಿದೆ.”

ಅವಳ ವಾರದ ಕೋಪಕ್ಕೆ ನಿಲ್ಲಲು ಜಾಗವೇ ಇಲ್ಲದಂತಾಯಿತು. “ಇವರು ನನ್ನ ದೊಡ್ಡಮ್ಮ,” ಎಂದಳು.

“ಮೊದಲೇ ಹೇಳಬಹುದಿತ್ತಲ್ಲ.”

“ಹೇಳಿದ್ರೆ ಸೇರಿಸ್ತಿದ್ರಾ?”

“ಇಲ್ಲ. ಹುಡುಕೋದನ್ನ ಇನ್ನೂ ಬೇಗ ಶುರುಮಾಡ್ತಿದ್ದೆ.” ಅವನು ಕಾರ್ಡಿನ ಅಂಚನ್ನು ಸವರಿದ. “ನಿಮ್ಮ ಮಾತು ಸುಳ್ಳಾಗೋದು ನನಗೆ ಇಷ್ಟವಿರಲಿಲ್ಲ. ನೀವಂದ್ರೆ ಇಷ್ಟ. ಎರಡು ವರ್ಷದಿಂದ. ಅದಕ್ಕೆ ಮಾತ್ರ ದಾಖಲೆ ಇಲ್ಲ.”

“ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?” ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ನಾನು ಲೈಬ್ರರಿಗೆ ಬಂದು ಬಂದು ಹಾಡು ಕೇಳಿದ್ದು ಬರೀ ಹಾಡಿಗೆ ಅಂತ ಅಂದ್ಕೊಂಡ್ರಾ?”

ಅವನ ಕಿವಿ ಮೂಗಿಗಿಂತ ಕೆಂಪಾಯಿತು. ಆದರೂ ಪಟ್ಟಿ ಎಳೆದುಕೊಂಡು ಹೇಳಿದ: “ಮೊದಲ ಸ್ಥಾನ ಜಾಸ್ತಿ ಆಯ್ತು. ಮೂರನೇದು ಕೊಡೋಣ.”

“ಸಹಿ ಹಾಕಿ ಸುಮ್ಮನೆ,” ಎಂದು ಅವಳು ಪೆನ್ನು ಅವನ ಕೈಗಿಟ್ಟಳು. ಅವನ ಬೆರಳನ್ನು ತಕ್ಷಣ ಬಿಡಲಿಲ್ಲ.

ಮರುದಿನ ಹತ್ತೂ ಮುಕ್ಕಾಲಿಗೆ ದೊಡ್ಡಮ್ಮನ ಹೆಸರು, ಅಪ್ಪನ ಇನಿಷಿಯಲ್ ಮತ್ತು ನಲವತ್ತಮೂರು ಹಾಡುಗಳ ಲೆಕ್ಕದ ಸಮೇತ, ಮೊದಲ ಸ್ಥಾನದಲ್ಲಿ ಪ್ರಸಾರವಾಯಿತು. ಗಾಜಿನಾಚೆ ಅವನು ಕರವಸ್ತ್ರ ತೆಗೆದ, ಈ ಸಲ ಮೂಗಿಗಲ್ಲ. ಹಾಡು ಮುಗಿಯುವ ಮೊದಲೇ ಫೋನ್ ಬಂತು. ಅವಳು ಅದನ್ನು ಸ್ಪೀಕರಿಗೆ ಹಾಕಿದಳು; ಗಾಜಿನಾಚೆಗೂ ಕೇಳುತ್ತಿತ್ತು.

“ನಲವತ್ತಮೂರು ಅಂತ ಯಾವನೇ ಬರೆದೋನು?” ಎಂದರು ದೊಡ್ಡಮ್ಮ. “ನಲವತ್ತನಾಲ್ಕು. ಒಂದು ಬಿಟ್ಟಿದ್ದಾನೆ. ಮನೆಗೆ ಕರ್ಕೊಂಡು ಬಾ ಅವನನ್ನ, ಹಾಡಿ ತೋರಿಸ್ತೀನಿ.”

ಅವಳು ಗಾಜಿನಾಚೆ ನೋಡಿ ಕೈಬೀಸಿ ಕರೆದಳು. ಅವನು ಆಗಲೇ ಕಾರ್ಡನ್ನು ಜೇಬಿಗಿಟ್ಟುಕೊಂಡು ಎದ್ದು ನಿಂತಿದ್ದ.