ಕೂರಲು ಜಾಗವಿಲ್ಲದ ಪೇಟೆ

ರಾಜ ಹೇಳಿದ್ದಕ್ಕೆಲ್ಲ ಮಂತ್ರಿಗಳು ತಲೆಯಾಡಿಸುತ್ತಿದ್ದ ಕಾಲ ಒಂದಿತ್ತು. ಆ ಕಾಲದಲ್ಲಿ ಹೊನ್ನೇರಿ ಎಂಬ ರಾಜ್ಯ. ಅದರ ರಾಜಧಾನಿಯ ನಟ್ಟನಡುವೆ ಒಂದು ದೊಡ್ಡ ಚೌಕ. ನಾಲ್ಕು ದಿಕ್ಕಿನ ಬೀದಿಗಳು ಬಂದು ಅಲ್ಲಿ ಕೂಡುತ್ತಿದ್ದವು. ಮಾರುವವರು ಮಾರುತ್ತಿದ್ದರು, ಕೊಳ್ಳುವವರು ಕೊಳ್ಳುತ್ತಿದ್ದರು, ಎರಡೂ ಬೇಡದವರು ಸುಮ್ಮನೆ ಕೂರುತ್ತಿದ್ದರು.

ಕೂರುವುದಕ್ಕೆ ಅಲ್ಲಿ ಉಸ್ಸಪ್ಪನ ಕಲ್ಲುಗಳಿದ್ದವು. ಆ ಊರಿನ ಶಿಲ್ಪಿಗಳದ್ದು ಒಂದು ಪದ್ಧತಿ. ಚೌಕ ಕಟ್ಟುವ ಮೊದಲು ಹಣ್ಣುಹಣ್ಣಾದ ಮುದುಕರೊಬ್ಬರನ್ನು ಕರೆತಂದು ಬರಿಯ ಬಯಲಿನಲ್ಲಿ ನಡೆಸುವರು. ಅವರು ಎಲ್ಲೆಲ್ಲಿ "ಉಸ್ಸಪ್ಪಾ" ಎಂದು ನಿಲ್ಲುವರೋ ಅಲ್ಲಲ್ಲಿ ಒಂದೊಂದು ಕಲ್ಲು ಹಾಸುವರು. ಅಂಗಡಿ ಸಾಲು ಎಲ್ಲ ಆಮೇಲೆ, ಆ ಕಲ್ಲುಗಳನ್ನು ತಪ್ಪಿಸಿಕೊಂಡು. ಮುದುಕರು ಯಾರಾದರೂ ಕೂತಿದ್ದರೆ ದಾರಿಹೋಕರು ಒಂದು ಗಳಿಗೆ ಪಕ್ಕದಲ್ಲಿ ಕೂತೇ ಮುಂದೆ ಹೋಗಬೇಕು. ಹಾಗೇ ದಾಟಿ ಹೋದರೆ ಮನೆಯಲ್ಲಿ ಹಾಲು ಒಡೆಯುತ್ತದೆ ಎಂದು ಊರಿನ ನಂಬಿಕೆ.

ಕೇತೋಜ ಆ ಶಿಲ್ಪಿಗಳ ಮನೆತನದ ಹುಡುಗ. ಮೀಸೆ ಆಗಷ್ಟೇ ಮೂಡಿತ್ತು. ಹೆತ್ತವರಿರಲಿಲ್ಲ, ಎತ್ತಿ ಆಡಿಸಿ ಸಾಕಿದವಳು ಅಕ್ಕ ಮಾಕಲೆ. ಅವನಿಗೆ ಅವಳು, ಅವಳಿಗೆ ಅವನು.

ಒಂದು ದಿನ ಮರುಳಾಕ್ಷನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. "ಮಹಾಪ್ರಭು, ಕೂತವನು ಕೊಳ್ಳುವುದಿಲ್ಲ. ನಿಮ್ಮ ಚೌಕ ಬರೀ ಸೋಮಾರಿಗಳ ಬೀಡು. ನನಗೆ ಬಿಟ್ಟುಕೊಡಿ. ಬಿಸಿಲು ತಾಗದ, ಮಳೆ ಬೀಳದ ಪೇಟೆ ಕಟ್ಟುತ್ತೇನೆ. ಲೋಕದ ಸರಕೆಲ್ಲ ಒಂದೇ ಸೂರಿನಡಿ!" ಎಂದ. ರಾಜ ಹೂಂ ಎಂದ. ಮಂತ್ರಿಗಳು ತಲೆಯಾಡಿಸಿದರು.

ಹಳೆಯ ಕಲ್ಲುಗಳನ್ನು ಕೀಳಲು ಕೇತೋಜನಿಗೆ ಅಪ್ಪಣೆಯಾಯಿತು.

"ಒಳಗೆ ಮತ್ತೆ ಹಾಸ್ತೀರಿ ತಾನೆ?" ಎಂದು ಅವನು ಕೇಳಿದ.

"ಹಾಸದೆ ಏನಪ್ಪಾ?" ಎಂದ ಮರುಳಾಕ್ಷ.

ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ವಯಸ್ಸು. ಕೇತೋಜ ಹಾರೆ ಹಾಕಿ ಒಂದೊಂದೇ ಕಲ್ಲನ್ನು ಮೀಟಿ ತೆಗೆದ. ಬೆಳಗಾಗುವುದರಲ್ಲಿ ಪೇಟೆ ಎದ್ದು ನಿಂತಿತು. ಗಾಜಿನ ಗೋಡೆ, ಹೊನ್ನಿನ ಕಂಬ, ಆರದ ದೀಪ. ಕಿಟಕಿ ಮಾತ್ರ ಒಂದೂ ಇಲ್ಲ, ಕೂರುವ ಕಲ್ಲೂ ಒಂದಿಲ್ಲ.

ಮಾಕಲೆ ಒಲೆಯ ಮೇಲೆ ಅನ್ನಕ್ಕಿಟ್ಟು, "ತಮ್ಮಾ, ಒಲೆ ನೋಡ್ಕೋ. ಉಪ್ಪು ಮುಗಿದಿದೆ, ತಂದ್ಬಿಡ್ತೀನಿ" ಎಂದು ಹೋದಳು. ಅನ್ನ ಬೆಂದಿತು. ಸೀದಿತು. ಒಲೆ ಆರಿತು. ಅಕ್ಕ ಬರಲಿಲ್ಲ.

ಅವಳೊಬ್ಬಳೇ ಅಲ್ಲ, ಪೇಟೆಯ ಒಳಗೆ ಹೋದವರು ಯಾರೂ ಬರಲಿಲ್ಲ. ಹುಡುಕಲು ಹೋದವರು ಬರಲಿಲ್ಲ. ನೋಡಿಬರುತ್ತೇನೆಂದು ಹೋದ ರಾಜನೂ ಬರಲಿಲ್ಲ. ಹಿಂದೆಯೇ ತಲೆಯಾಡಿಸುತ್ತ ಹೋದ ಮಂತ್ರಿಗಳೂ ಬರಲಿಲ್ಲ. ಬೀದಿಬೀದಿಯ ಬಾಗಿಲುಗಳು ಗಾಳಿಗೆ ಬಡಿದುಕೊಂಡವು. ತಾನು ಕಿತ್ತ ಕಲ್ಲುಗಳ ರಾಶಿಯ ಮುಂದೆ ನಿಂತು ಕೇತೋಜ ಅತ್ತ. ಅತ್ತು ಸಾಕಾಗಿ ಒಳಗೆ ಹೋದ.

ಮೊದಲನೆಯ ಅಂಕಣದಲ್ಲಿ ಒಂದು ಹೆಬ್ಬಾವು ಮೆಟ್ಟಿಲಾಗಿ ಮಲಗಿತ್ತು. ಅದರ ಬೆನ್ನು ಜನರನ್ನು ಹೊತ್ತು ಮೇಲಕ್ಕೆ ಹರಿಯುತ್ತಿತ್ತು, ಕೆಳಕ್ಕೆ ಹರಿಯುತ್ತಿರಲಿಲ್ಲ.

"ಏನು ಕೊಳ್ಳುತ್ತೀಯ?" ಎಂದಿತು ಹಾವು.

"ಏನೂ ಇಲ್ಲ. ನನ್ನಕ್ಕ ಬೇಕು."

"ಕೊಳ್ಳದವನು ಇಲ್ಲಿ ನಿಲ್ಲುವಂತಿಲ್ಲ. ನಿಂತರೆ ಬಾಡಿಗೆ ಕೊಡಬೇಕು. ನಿನ್ನ ಹರೆಯ ಕೊಡು."

ಕೇತೋಜ ಕೊಟ್ಟ. ಮೀಸೆ ದಟ್ಟವಾಯಿತು, ಬೆನ್ನು ಭಾರವಾಯಿತು. ಹಾವು ಅವನನ್ನು ಮೇಲಕ್ಕೆ ಒಯ್ದಿತು.

ಎರಡನೆಯ ಅಂಕಣದಲ್ಲಿ ಒಂದು ನವಿಲು. ಅದರ ಗರಿಯ ಕಣ್ಣೆಲ್ಲ ಕನ್ನಡಿ. ಒಂದು ಅಂಗಡಿ ನೂರಾಗಿ ಕಾಣುತ್ತಿತ್ತು, ಒಂದು ದಾರಿ ನೂರಾಗಿ ಕವಲೊಡೆಯುತ್ತಿತ್ತು.

"ಏನು ಕೊಳ್ಳುತ್ತೀಯ?"

"ಏನೂ ಇಲ್ಲ. ನನ್ನಕ್ಕ ಬೇಕು."

"ಹಾಗಾದರೆ ನಿನ್ನ ನಡುವಯಸ್ಸು ಕೊಡು."

ಮದುವೆ, ಮಕ್ಕಳು, ತನ್ನ ಕೈಯಿಂದ ಏಳಬೇಕಾಗಿದ್ದ ಮಂಟಪಗಳು, ಎಲ್ಲ ಅದರಲ್ಲೇ ಇದ್ದವು. ಕೇತೋಜ ಕೊಟ್ಟ. ತಲೆ ನರೆಯಿತು. ನವಿಲು ಗರಿ ಮಡಚಿ ದಾರಿ ಬಿಟ್ಟಿತು.

ಮೂರನೆಯ ಅಂಕಣದಲ್ಲಿ ಒಂದು ಆನೆ. ಊರಿನ ಗಂಟೆಯನ್ನು ಅದು ನುಂಗಿ ನಿಂತಿತ್ತು. ಹಾಗಾಗಿ ಒಳಗಿದ್ದವರಿಗೆ ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿರಲಿಲ್ಲ.

"ಏನು ಕೊಳ್ಳುತ್ತೀಯ?"

"ನನ್ನಕ್ಕ..." ಎನ್ನುವಷ್ಟರಲ್ಲಿ ಅವನಿಗೆ ಏದುಸಿರು ಹತ್ತಿತು.

"ಮುಪ್ಪು ಉಳಿದಿದೆಯಲ್ಲ, ಅದರಲ್ಲೂ ಅರ್ಧ ಕೊಡು."

ಅದನ್ನೂ ಕೊಟ್ಟ. ಬೆನ್ನು ಬಾಗಿತು, ಕೈ ನಡುಗಿತು.

ಅಲ್ಲಿ ಮಾಕಲೆ ಇದ್ದಳು! ಹೋದಾಗ ಹೇಗಿದ್ದಳೋ ಹಾಗೇ. ಕೊಳ್ಳುವವರ ಆಯುಸ್ಸು ಮಾಂತ್ರಿಕನಿಗೆ ಬೇಕಿರಲಿಲ್ಲ, ಅವರ ಕಾಲು ನಿಲ್ಲದಿದ್ದರೆ ಸಾಕಿತ್ತು. ತೋಳಿನ ತುಂಬ ಬೇಡದ ಸರಕು ಹೊತ್ತು ಅಂಗಡಿಯಿಂದ ಅಂಗಡಿಗೆ ಹೋಗಿ "ಉಪ್ಪು ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಿದ್ದಳು. "ಮುಂದಿನ ತಿರುವಿನಲ್ಲಿ" ಎಂದು ಎಲ್ಲರೂ ಹೇಳುತ್ತಿದ್ದರು.

"ಅಕ್ಕಾ!" ಎಂದ ಕೇತೋಜ. ಬಿರುಕುಬಿಟ್ಟ ಆ ದನಿಗೆ ಅವಳು ತಿರುಗಿ ನೋಡಿದಳು.

"ದಾರಿ ಬಿಡಿ ಅಜ್ಜಾ" ಎಂದು ಪಕ್ಕಕ್ಕೆ ಸರಿದು ಹೋದಳು.

ಅಷ್ಟೇ. ಇದಕ್ಕಾಗಿ ಅವನು ಬದುಕನ್ನೆಲ್ಲ ಕೊಟ್ಟಿದ್ದ. ಅವನಲ್ಲಿ ಉಪಾಯವಿರಲಿಲ್ಲ, ಕತ್ತಿಯಿರಲಿಲ್ಲ, ಮಂತ್ರವಿರಲಿಲ್ಲ. ಇದ್ದ ಒಂದು ಆಸೆಯೂ ಈಗ ಹೋಯಿತು. "ಉಸ್ಸಪ್ಪಾ" ಎಂದು ನೆಲದ ಮೇಲೆ ಕೂತ. ಸಾಯಲೆಂದೇ ಕೂತ.

ಆ ಪೇಟೆಯಲ್ಲಿ ಅದುವರೆಗೆ ಯಾರೂ ಕೂತಿರಲಿಲ್ಲ.

"ಏಳು! ನಡೆ!" ಎಂದು ಮರುಳಾಕ್ಷನ ದನಿ ಗುಡುಗಿತು. ಹಾವು ಬಂತು, ನವಿಲು ಬಂತು, ಆನೆ ಬಂತು. ಮುದುಕನನ್ನು ಮೂಸಿ ನೋಡಿ ಸುಮ್ಮನೆ ನಿಂತವು. ಏನಾದರೂ ಬೇಕೆಂಬ ಆಸೆ ಉಳಿದವನ ಮೇಲಷ್ಟೇ ಆ ಮಾಯೆ ನಡೆಯುತ್ತಿತ್ತು.

ಮಡಕೆ ಹೊತ್ತ ಹೆಂಗಸೊಬ್ಬಳು ಅತ್ತ ಬಂದಳು. ಮುದುಕ ಕೂತಿದ್ದಾನೆ. ಯಾಕೆಂದು ಅವಳಿಗೇ ತಿಳಿಯದೆ ಕಾಲು ನಿಂತಿತು. ಕೆಳಗೆ ಕೂತು ಮಡಕೆ ಇಳಿಸಿ, "ಅಮ್ಮಯ್ಯಾ, ಕಾಲು ಸತ್ತುಹೋಗಿವೆ" ಎಂದಳು. ಅವಳ ಪಕ್ಕ ಇನ್ನೊಬ್ಬ ಕೂತ. ಅವನ ಪಕ್ಕ ಮತ್ತೊಬ್ಬಳು. ಮಾಕಲೆಯೂ ತಿರುಗಿ ಬಂದು, ಹಾಲು ಒಡೆದರೆ ಕಷ್ಟವೆಂದು, ಕೂತಳು. ರಾಜ ಕೂತ. ಮಂತ್ರಿಗಳು ತಲೆಯಾಡಿಸಿ ಕೂತರು.

ಮರುಳಾಕ್ಷ ಓಡೋಡಿ ಬಂದ. "ಏಳಿ, ಅರ್ಧ ಬೆಲೆ! ಏಳಿ, ಪುಕ್ಕಟೆ! ಒಂದಕ್ಕೆ ಎರಡು!" ಯಾರೂ ಏಳಲಿಲ್ಲ. ಜನರ ನಡಿಗೆಯೇ ಅವನ ಉಸಿರು, ಅವನ ಪೇಟೆಯ ಬುನಾದಿ. ನಡಿಗೆ ನಿಂತಿತು. ಅವನು ನಿಂತಲ್ಲೇ ಒಂದು ಹಿಡಿ ಸುಣ್ಣವಾದ. ಗಾಜಿನ ಗೋಡೆ ಹೊಗೆಯಾಯಿತು, ದೀಪಗಳು ಆರಿದವು, ಮೇಲೆ ಆಕಾಶ ಕಂಡಿತು. ಆನೆ ಗಂಟೆಯನ್ನು ಕಕ್ಕಿ ಕಾಡಿನ ದಾರಿ ಹಿಡಿಯಿತು. ಹಾವು, ನವಿಲು ಅದರ ಹಿಂದೆ ಹೋದವು.

ಜನ ಕುಣಿದರು. ಕೇತೋಜ ತನ್ನ ಕೈ ನೋಡಿಕೊಂಡ. ಸುಕ್ಕು ಹಾಗೇ ಇತ್ತು. ಮಾಂತ್ರಿಕ ಸತ್ತರೆ ಕಲ್ಲಾದವರು ಮನುಷ್ಯರಾಗುತ್ತಾರೆ ಎಂದು ಕತೆಗಳಲ್ಲಿ ಹೇಳುತ್ತಾರೆ. ಕೊಟ್ಟ ಹರೆಯ ಮಾತ್ರ ಬರುವುದಿಲ್ಲ, ಅದನ್ನು ಯಾರೂ ಹೇಳುವುದಿಲ್ಲ.

ಮಾಕಲೆ ಕಣ್ಣುಜ್ಜಿಕೊಂಡು ಎದ್ದಳು. "ಅಜ್ಜಾ, ನನ್ನ ತಮ್ಮನ್ನ ಕಂಡ್ರಾ? ಕೇತೋಜ ಅಂತ. ಚಿಗುರು ಮೀಸೆ ಹುಡುಗ."

ನಿಜ ಹೇಳಿದರೆ ಅವಳ ಎದೆ ಒಡೆಯುತ್ತದೆ ಎಂದುಕೊಂಡ ಕೇತೋಜ. "ಕಂಡೆ ತಾಯಿ. ಮನೆ ಕಡೆ ಹೋದ."

"ಅಯ್ಯೋ, ಹಸಿದಿರ್ತಾನೆ!" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು.

ಚೌಕ ಬರಿದಾಯಿತು. ಕೇತೋಜ ಒಬ್ಬನೇ ಕೂತಿದ್ದ. ಹೋಗಲು ಮನೆಯಿತ್ತು, ಹೋಗುವ ಮುಖವಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಾಕಲೆ ತಿರುಗಿ ಬಂದಳು. "ಬಡಿಸಿಟ್ಟು ಕಾದೆ. ಅವನು ಮನೇಲಿಲ್ಲ ಅಜ್ಜಾ. ಯಾವ ಕಡೆ ಹೋದ ಅಂದ್ರಿ?"

ಏನೋ ಒಂದು ಸುಳ್ಳು ಹೇಳಬೇಕೆಂದು ಕೇತೋಜ ಬಾಯಿ ತೆರೆದ. ಸುಳ್ಳು ಬರಲಿಲ್ಲ. "ಅಕ್ಕಾ" ಎಂದಷ್ಟೇ ಬಂತು.

ಅವಳು ಆ ಮುಖವನ್ನು ಬಹಳ ಹೊತ್ತು ನೋಡಿದಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬಗ್ಗಿ ಅವನ ಕಂಕುಳಿಗೆ ಕೈ ಕೊಟ್ಟಳು.

"ಏಳು ತಮ್ಮಾ. ಅನ್ನ ತಣ್ಣಗಾಗ್ತಿದೆ."

ಹೊನ್ನೇರಿಯ ಜನ ಬಹುಕಾಲ ಸುಖವಾಗಿ ಬಾಳಿದರು. ಅಕ್ಕ ತಮ್ಮ ಕೂಡ ಸುಖವಾಗಿಯೇ ಬಾಳಿದರು, ಒಂದು ಮಳೆಗಾಲದಷ್ಟು.