ರೆಕ್ಕೆ ಮಾಸ್ತರ ಕೊನೆಯ ಚಿತ್ರ

ಆಕೆ ದವಡೆ ಬಿಗಿಹಿಡಿದು ಒಳಗೆ ಬಂದದ್ದನ್ನು ನೋಡಿ ಹಲ್ಲಿನ ಡಾಕ್ಟರು ಎಂದಿನಂತೆ ಕುರ್ಚಿ ತೋರಿಸಿ, "ಯಾವ ಹಲ್ಲಮ್ಮಾ?" ಎಂದು ಕೇಳಿಬಿಟ್ಟರು.

"ಹಲ್ಲಲ್ಲ ಡಾಕ್ಟ್ರೇ. ನಿಮ್ಮ ಭಾವನವರನ್ನ ನೋಡ್ಬೇಕು. ನಾಳೆ ನನ್ನನ್ನ ಅರೆಸ್ಟ್ ಮಾಡ್ತಾರಂತೆ. ನಮ್ಮಪ್ಪನ್ನ ನಾನೇ ಕೊಂದಿದೀನಂತೆ."

ಡಾಕ್ಟರ ಕೈಯಲ್ಲಿದ್ದ ಪುಟ್ಟ ಕನ್ನಡಿ ತಟ್ಟೆಗೆ ಬಿತ್ತು. ಅವಳು ಯಾರೆಂದು ಆಗ ಗುರುತು ಹತ್ತಿತು. ಹಾರುವ ಹಕ್ಕಿಗಳ ಚಿತ್ರ ತೆಗೆದು ದೇಶಕ್ಕೆಲ್ಲ ಹೆಸರಾಗಿದ್ದ ರೆಕ್ಕೆ ಮಾಸ್ತರ ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು. ಮಾಸ್ತರು ವಾರದ ಹಿಂದೆ ಕೆರೆಯ ದಂಡೆಯಲ್ಲಿ, ತಾವು ಕೂತು ಹಕ್ಕಿ ಕಾಯುತ್ತಿದ್ದ ಮರದ ಅಟ್ಟಣಿಗೆಯ ಕೆಳಗೆ, ತಲೆಯೊಡೆದು ಬಿದ್ದಿದ್ದರು. ಪಕ್ಕದಲ್ಲಿ ಅವರದೇ ಕ್ಯಾಮೆರಾ ಸ್ಟ್ಯಾಂಡು. ಅದರ ಒಂದು ಕಾಲಿಗೆ ರಕ್ತ ಮೆತ್ತಿತ್ತು.

ಡಾಕ್ಟರು ಆಕೆಯನ್ನು ಮಹಡಿಗೆ ಕರೆದೊಯ್ದರು. ಅಕ್ಕ ತೀರಿಕೊಂಡ ಮೇಲೆ ಭಾವ ಇಲ್ಲಿಯೇ ನೆಲೆಸಿದ್ದರು. ಬೇರೆಯವರ ಕೈಲಿ ಬಿಡಿಸಲಾಗದ ಗಂಟುಗಳನ್ನು ಬಿಡಿಸುವ ಪತ್ತೇದಾರ ಎಂದು ಪೊಲೀಸರೇ ಆ ಮೆಟ್ಟಿಲು ಹತ್ತಿ ಬರುತ್ತಿದ್ದುದುಂಟು. ಭಾವನ ಹಿಂದೆ ತಿರುಗುವುದೆಂದರೆ ಡಾಕ್ಟರಿಗೆ ಎಲ್ಲಿಲ್ಲದ ಹುಮ್ಮಸ್ಸು. ರೋಗಿಗಳು ಬಾಯಿ ತೆರೆದುಕೊಂಡು ಕಾಯಲಿ!

"ಅವತ್ತು ಬೆಳಿಗ್ಗೆ ಅಪ್ಪನಿಗೆ ಟೀ ಕೊಡೋಕೆ ಹೋಗಿದ್ದೆ," ಎಂದಳು ಆಕೆ. "ನಮ್ಮಿಬ್ಬರಿಗೂ ಜೋರು ಜಗಳ ಆಯ್ತು. ಕೆರೆ ಕಾವಲುಗಾರ ಕೇಳಿಸಿಕೊಂಡಿದಾನೆ. ನಾನು ಸಿಟ್ಟು ಮಾಡ್ಕೊಂಡು ಸ್ಕೂಟರ್ ಹತ್ತಿ ಸೇತುವೆ ದಾಟಿ ಡ್ಯೂಟಿಗೆ ಹೋದೆ. ಆಮೇಲೆ ಅಪ್ಪನ್ನ ಜೀವಂತ ನೋಡಿದವರೇ ಇಲ್ಲ."

"ಕ್ಯಾಮೆರಾದಲ್ಲಿ ಏನೂ ಸಿಗಲಿಲ್ವಾ?" ಭಾವ ಕೇಳಿದರು.

"ಮೊದಲು ಅದರಲ್ಲಿ ಮೆಮೊರಿ ಕಾರ್ಡೇ ಇರಲಿಲ್ಲ ಸರ್. ಪೊಲೀಸರು ನನ್ನ ಬೆನ್ನು ಹತ್ತಿದ ಮೇಲೆ ಚಿಕ್ಕಪ್ಪ ಹುಡುಕಿದ್ರು. ಅಪ್ಪನ ಹಳೇ ಚೀಲದಲ್ಲಿ ಸಿಕ್ತು ಅಂತ ಸ್ಟೇಷನ್‌ಗೆ ಕೊಟ್ರು. ಕೊನೇ ಫೋಟೋದಲ್ಲಿ ಮೀನುಗಿಡುಗ ನೀರಿಂದ ಮೇಲೇಳ್ತಾ ಇದೆ, ಹಿಂದೆ ಸೇತುವೆ ಮೇಲೆ ನಾನು, ನನ್ನ ಕೆಂಪು ಹೆಲ್ಮೆಟ್ಟು. ನಾನು ಹೋದ ಮೇಲೂ ಅಪ್ಪ ಫೋಟೋ ತೆಗೀತಿದ್ರು ಅಂತ ಆಯ್ತಲ್ಲ? ಬದುಕಿಕೊಂಡೆ ಅಂದ್ಕೊಂಡೆ. ಆದ್ರೆ ಅದು ಕಂಪ್ಯೂಟರಲ್ಲಿ ತಿದ್ದಿದ ಚಿತ್ರ ಅಂತ ಪರೀಕ್ಷೆಲಿ ಗೊತ್ತಾಯ್ತಂತೆ. ಸ್ಕೂಟರನ್ನ ನಾನೇ ಅಂಟಿಸಿದೀನಿ ಅಂತಾರೆ."

"ಜಗಳ ಯಾತಕ್ಕಮ್ಮಾ?"

ಆಕೆ ನೆಲ ನೋಡಿದಳು. "ಅದೊಂದು ಕೇಳ್ಬೇಡಿ ಸರ್."

ಭಾವ ಎದ್ದು ಕೋಟು ಹಾಕಿಕೊಂಡರು.

ಕಾವಲುಗಾರ ಅಟ್ಟಣಿಗೆಯ ಹತ್ತಿರವೇ ಸಿಕ್ಕಿದ. ಬಲೆ ಹಾಕುವವರನ್ನು ಒಳಗೆ ಬಿಡುತ್ತಾನೆಂದು ಮಾಸ್ತರು ಅವನ ಮೇಲೆ ದೂರು ಕೊಟ್ಟಿದ್ದರು. "ನನಗೆ ಅವರ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳ್ಲಿ?" ಎಂದ. "ಆದ್ರೆ ತಲೆ ಒಡೆಯೋ ಅಷ್ಟು ಇರಲಿಲ್ಲ ಬುದ್ಧಿ. ಜಗಳ ಕೇಳಿಸ್ತು, ಅಪ್ಪ ಮಗಳದ್ದು ನನಗ್ಯಾಕೆ ಅಂತ ಆಚೆ ದಡಕ್ಕೆ ಹೋದೆ." ಅವನ ಜೇಬಿನಲ್ಲಿದ್ದ ಹಳೆಯ ಗುಂಡಿ ಒತ್ತುವ ಫೋನು ಭಾವನ ಕಣ್ಣಿಗೆ ಬಿತ್ತು. "ಕಂಪ್ಯೂಟರ್ ಗೊತ್ತೇನಪ್ಪಾ?" ಎಂದು ಕೇಳಿದರು. ಅವನು ತನ್ನನ್ನು ಗೇಲಿ ಮಾಡುತ್ತಿದ್ದಾರೆಂದೇ ತಿಳಿದು ಮುಖ ಊದಿಸಿಕೊಂಡ.

ಮಾಸ್ತರ ಸ್ಟುಡಿಯೋದಲ್ಲಿ ಅವರ ತಮ್ಮ ಒಬ್ಬರೇ ಕಂಪ್ಯೂಟರ್ ಪರದೆಯ ಮುಂದೆ ಕೂತಿದ್ದರು. ಮದುವೆಯಾಗದ ಮನುಷ್ಯ, ಅತ್ತಿಗೆ ಸತ್ತ ಮೇಲೆ ಮಗುವಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಇವರೇ. ಸುತ್ತಲ ಗೋಡೆಯ ತುಂಬ ಚೌಕಟ್ಟು ಹಾಕಿದ ಹಕ್ಕಿಗಳು ರೆಕ್ಕೆ ಬಿಚ್ಚಿಕೊಂಡಿದ್ದವು.

"ಹಾರೋ ಹಕ್ಕಿ ನಮಗೋಸ್ಕರ ನಿಲ್ಲಲ್ಲ ಸರ್," ಎಂದರು ಚಿಕ್ಕಪ್ಪ. "ರೆಕ್ಕೆ ತುದಿ ಚೌಕಟ್ಟಿಂದ ಆಚೆ ಹೋಗಿರತ್ತೆ, ಕಣ್ಣು ಮಸುಕಾಗಿರತ್ತೆ. ಅಣ್ಣ ಹಿಡಿದು ತರ್ತಿದ್ದ, ನಾನು ತಿದ್ದುತಿದ್ದೆ. ಈಚೆಗೆ ಅವನ ಕೈ ಬೇರೆ ನಡುಗ್ತಿತ್ತು."

"ತಿದ್ದೋವಾಗ ಚಿತ್ರ ಕೆಟ್ಟರೆ?"

"ಕೆಡಲ್ಲ. ಮೂಲಾನ ನಾವು ಮುಟ್ಟೋದೇ ಇಲ್ಲ, ನಕಲು ಮಾಡಿ ಅದರ ಮೇಲೆ ಕೆಲಸ. ಮೂಲ ಅಳಿಸೋದು ಅಂದ್ರೆ ನಮ್ಮ ಮನೇಲಿ ಪಾಪ."

"ಆ ಕೊನೇ ಚಿತ್ರ?"

"ಅದನ್ನ ನಾನು ತಿದ್ದೇ ಇಲ್ಲ. ಸಿಕ್ಕಿದ ಹಾಗೇ ಕೊಟ್ಟೆ."

ಅವರು ಅದನ್ನು ಪರದೆಯ ಮೇಲೆ ತೋರಿಸಿದರು. ಕಾಲಲ್ಲಿ ಮೀನು ಹಿಡಿದ ಗಿಡುಗ, ಅದರ ಒಂದೊಂದು ಗರಿಯೂ ಎಣಿಸುವಂತಿತ್ತು. ಬಲಗಡೆ ಮೇಲೆ ಸೇತುವೆ, ಕೆಂಪು ಚುಕ್ಕೆಯಂಥ ಹೆಲ್ಮೆಟ್ಟು. ಎಡಗಡೆ ಕೆಳಗೆ ದಂಡೆಯ ತಿರುವು, ಅಲ್ಲಿ ದಟ್ಟ ಜೊಂಡು.

"ಈ ಮುರಿದ ಜೊಂಡು ಎರಡು ಕಡೆ ಒಂದೇ ಥರ ಇದೆಯಲ್ಲ ಭಾವ," ಎಂದರು ಡಾಕ್ಟರು. "ನಾನು ಕಟ್ಟೋ ಹಲ್ಲಿನ ಸೆಟ್ ಇದ್ದ ಹಾಗೆ!"

ಭಾವ ಆ ಬೆಳಗಿನ ಉಳಿದ ಚಿತ್ರಗಳನ್ನೂ ಕೇಳಿ ನೋಡಿದರು. ಹೆಚ್ಚಿನವು ಮಸುಕು, ವಾಲಿದ್ದವು. ಎಲ್ಲದರಲ್ಲೂ ಎಡಗಡೆ ಕೆಳಮೂಲೆಯಲ್ಲಿ ಒಂದು ಬೂದು ಚುಕ್ಕೆ ಇತ್ತು. "ಕ್ಯಾಮೆರಾ ಒಳಗೆ ಧೂಳು ಕೂತಿದೆ," ಎಂದರು ಚಿಕ್ಕಪ್ಪ. ಹೊರಡುವ ಮುಂಚೆ ಭಾವ ಗೋಡೆಯ ಮೇಲಿದ್ದ ದೊಡ್ಡ ಬಹುಮಾನದ ಚಿತ್ರದ ಮುಂದೆ ನಿಂತರು. ಅದರ ಕೆಳಗೆ 'ತಿದ್ದುಪಡಿಯಿಲ್ಲದ ಚಿತ್ರಗಳ ಸ್ಪರ್ಧೆ, ಮೊದಲ ಬಹುಮಾನ' ಎಂದು ಬರೆದ ತಗಡಿತ್ತು. ಇಳಿಯುತ್ತಿರುವ ಕೊಕ್ಕರೆಯ ಎಡರೆಕ್ಕೆಯ ಒಂದು ಗರಿ ತುದಿಯಲ್ಲಿ ಸೀಳಿತ್ತು. ಬಲರೆಕ್ಕೆಯಲ್ಲೂ ಅದೇ ಗರಿ ಹಾಗೆಯೇ ಸೀಳಿದ್ದನ್ನು ಡಾಕ್ಟರೂ ಕಂಡರು. ಈ ಸಲ ಅವರು ತಮಾಷೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಇನ್‌ಸ್ಪೆಕ್ಟರ್, ಮಗಳು, ಚಿಕ್ಕಪ್ಪ, ಕಾವಲುಗಾರ ಎಲ್ಲರೂ ಸೇರಿದರು. ಮಗಳ ಪಕ್ಕದಲ್ಲಿ ಮಹಿಳಾ ಪೇದೆ ನಿಂತಿದ್ದಳು.

"ಚಿತ್ರ ತಿದ್ದಿದ್ದಾರೆ, ಅದು ನಿಜ," ಭಾವ ಶುರು ಮಾಡಿದರು. "ಆದರೆ ಎಲ್ಲಿ ತಿದ್ದಿದ್ದಾರೆ ಅಂತ ನೀವು ಕೇಳಲಿಲ್ಲ ಇನ್‌ಸ್ಪೆಕ್ಟರೇ. ನಿಮ್ಮ ಕಣ್ಣು ಸ್ಕೂಟರ್ ಬಿಟ್ಟು ಆಚೆ ಈಚೆ ಹೋಗಲಿಲ್ಲ. ಆ ದಿನದ ಪ್ರತಿ ಚಿತ್ರದಲ್ಲೂ ಎಡಗಡೆ ಕೆಳಗೆ ಧೂಳಿನ ಚುಕ್ಕೆ ಇದೆ. ಇದರಲ್ಲಿ ಮಾತ್ರ ಇಲ್ಲ. ಅದೇ ಜಾಗದಲ್ಲಿ ಒಂದೇ ಮುರಿದ ಜೊಂಡು ಎರಡು ಸಲ ಬೆಳೆದಿದೆ. ಪಕ್ಕದ ಜೊಂಡನ್ನ ನಕಲು ಮಾಡಿ ಅಲ್ಲಿದ್ದದ್ದನ್ನ ಮುಚ್ಚಿದ್ದಾರೆ. ಜೊತೆಗೆ ಚುಕ್ಕೆಯೂ ಮುಚ್ಚಿಹೋಯ್ತು."

"ಏನು ಇತ್ತು ಅಲ್ಲಿ?"

"ಅಲ್ಲಿರೋದು ಅಟ್ಟಣಿಗೆಗೆ ಬರೋ ಕಾಲುದಾರಿ. ಇದ್ದದ್ದು ಮನುಷ್ಯ. ಈಕೆ ಸೇತುವೆ ದಾಟೋವಾಗ ಇನ್ನೊಬ್ಬರು ದಂಡೆ ಮೇಲೆ ಬರ್ತಿದ್ದರು. ಅದು ಈಕೆಯನ್ನ ಉಳಿಸೋ ಸಂಗತಿ, ಅದನ್ನ ಈಕೆ ಯಾಕೆ ಅಳಿಸ್ತಾಳೆ? ಕಾವಲುಗಾರನಿಗೆ ಈ ವಿದ್ಯೆ ಬರಲ್ಲ. ಬರೋದಿದ್ದರೂ ಅವನು ಕಾರ್ಡನ್ನೇ ಕೆರೆಗೆ ಎಸೀತಿದ್ದ. ಅಳಿಸಿದವರಿಗೆ ತಾನು ಕಾಣಬಾರದು, ಆದರೆ ಈ ಹುಡುಗಿ ಕಾಣಬೇಕು. ಅಂಥವರು ಒಬ್ಬರೇ."

ಎಲ್ಲರ ಕಣ್ಣೂ ಚಿಕ್ಕಪ್ಪನ ಕಡೆ ಹೊರಳಿತು.

"ಸುಳ್ಳು!" ಮಗಳು ಕಿರುಚಿದಳು.

"ಜಗಳ ಇವರಿಗೋಸ್ಕರವೇ ಅಲ್ವೇನಮ್ಮಾ?" ಭಾವನ ದನಿ ಮೆತ್ತಗಾಯಿತು. "ಆ ಕೊಕ್ಕರೆಗೆ ನಿಜವಾಗಿ ಇರೋದು ಒಂದೇ ರೆಕ್ಕೆ. ಇನ್ನೊಂದು ಅದನ್ನೇ ತಿರುಗಿಸಿ ಅಂಟಿಸಿದ್ದು. ತಿದ್ದಬಾರದು ಅನ್ನೋ ಸ್ಪರ್ಧೆಗೆ ಚಿಕ್ಕಪ್ಪ ಅದನ್ನ ಕಳಿಸಿದ್ದು ನಿಮ್ಮಪ್ಪನಿಗೆ ತಡವಾಗಿ ಗೊತ್ತಾಯ್ತು. ಬಹುಮಾನ ವಾಪಸ್ ಕೊಟ್ಟು ಎಲ್ಲರ ಮುಂದೆ ಹೇಳ್ತೀನಿ ಅಂದ್ರು. ಚಿಕ್ಕಪ್ಪನ ಮರ್ಯಾದೆ ತೆಗೀಬೇಡಿ ಅಂತ ನೀನು ಕೂಗಾಡಿದೆ."

ಆಕೆ ಅಳತೊಡಗಿದಳು. ಭಾವ ಚಿಕ್ಕಪ್ಪನ ಕಡೆ ತಿರುಗಿದರು.

"ನಾನು ಹೇಳಿದ್ದೆಲ್ಲ ಬರೀ ತರ್ಕ. ಕೋರ್ಟಿನಲ್ಲಿ ತಿದ್ದಿದ ಚಿತ್ರ ಈಕೆಯನ್ನ ಉಳಿಸಲ್ಲ. ಮೂಲ ಉಳಿಸತ್ತೆ. ನಿಮ್ಮ ಮನೇಲಿ ಮೂಲ ಅಳಿಸಲ್ಲ ಅಂತ ನೀವೇ ಅಂದ್ರಿ. ನೀವು ಅದನ್ನ ಎಲ್ಲಿಟ್ಟಿದೀರೋ ನನಗೆ ಗೊತ್ತಿಲ್ಲ. ತೆಗೆಯೋದು ಬಿಡೋದು ನಿಮಗೆ ಸೇರಿದ್ದು."

ಪೇದೆ ಮಗಳ ತೋಳಿಗೆ ಕೈ ಹಾಕಿದಳು. ಅದನ್ನು ನೋಡಿದ್ದೇ ಚಿಕ್ಕಪ್ಪ ಎದ್ದು, ಪರದೆಯ ಮುಂದೆ ಕೂತು, ಒಂದರೊಳಗೊಂದು ಕಡತ ತೆರೆಯುತ್ತ ಹೋದರು.

ಚಿತ್ರ ಅದೇ. ಅದೇ ಗಿಡುಗ, ಅದೇ ಸೇತುವೆ, ಅದೇ ಹೆಲ್ಮೆಟ್ಟು. ಎಡಮೂಲೆಯ ಕಾಲುದಾರಿಯಲ್ಲಿ ಮಾತ್ರ ಚಿಕ್ಕಪ್ಪ ಇದ್ದರು. ಒಂದು ಕೈ ಮೇಲೆತ್ತಿ ಅಣ್ಣನನ್ನು ಕರೆಯುತ್ತಿದ್ದರು. ಡಾಕ್ಟರಿಗೆ ಅದನ್ನು ನೋಡಲಾಗಲಿಲ್ಲ, ಮುಖ ತಿರುಗಿಸಿಕೊಂಡರು.

"ಬೇಡ್ಕೊಳ್ಳೋಕೆ ಹೋಗಿದ್ದೆ," ಎಂದರು ಚಿಕ್ಕಪ್ಪ. "ನಿನ್ನ ಕೈಯ ಶಕ್ತಿ ಹೋಗಿ ಎಷ್ಟು ಕಾಲ ಆಯ್ತು ಗೊತ್ತೇನಣ್ಣಾ, ನಿನ್ನ ಹೆಸರು ಉಳಿಸಿದ್ದು ನಾನು ಅಂದೆ. ಹಾಗಾದ್ರೆ ನಾನು ಬದುಕಿದ್ದೇ ಸುಳ್ಳು ಅಂದ. ಎಲ್ಲರಿಗೂ ಹೇಳಿ ಸ್ಟುಡಿಯೋ ಮುಚ್ಚುತೀನಿ, ನೀನು ಇನ್ನು ನನ್ನ ಕಣ್ಣಿಗೆ ಬೀಳಬೇಡ ಅಂದ. ಸ್ಟ್ಯಾಂಡು ಹೇಗೆ ಕೈಗೆ ಬಂತೋ... ಆಮೇಲೆ ಕ್ಯಾಮೆರಾದಲ್ಲಿ ನಾನಿದೀನಿ ಅಂತ ಕಂಡು ಕಾರ್ಡ್ ತಂದೆ. ಯಾರಿಗೂ ಕೊಡಬಾರದು ಅಂತಲೇ ಇದ್ದೆ. ಇವಳನ್ನ ಹಿಡೀತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಿದರು. ಪೇದೆ ಮಗಳ ತೋಳು ಬಿಟ್ಟಳು. ಆಕೆ ಕಣ್ಣೊರೆಸಿಕೊಂಡು ಗೋಡೆಯ ಕಡೆ ಕೈ ತೋರಿಸಿದಳು.

"ಚಿಕ್ಕಪ್ಪಾ, ಇದರಲ್ಲಿ ಅಪ್ಪ ತೆಗೆದಿದ್ದು ಯಾವುದು? ನೀವು ಕೈ ಹಾಕದೇ ಇರೋದು. ಒಂದು ತೋರಿಸಿ, ನಾನು ಮನೆಗೆ ತಗೊಂಡು ಹೋಗ್ತೀನಿ."

ಚಿಕ್ಕಪ್ಪ ಗೋಡೆಯ ಹತ್ತಿರ ಹೋದರು. ಒಂದೊಂದೇ ಚೌಕಟ್ಟಿನ ಮುಂದೆ ನಿಂತು, ಗಾಜಿಗೆ ಮುಖ ತಾಗಿಸುವಷ್ಟು ಬಗ್ಗಿ ನೋಡಿದರು. ಇನ್‌ಸ್ಪೆಕ್ಟರ್ ಅವಸರ ಮಾಡಲಿಲ್ಲ. ಗೋಡೆಯ ಕೊನೆಯವರೆಗೂ ಹೋಗಿ ಚಿಕ್ಕಪ್ಪ ಮೊದಲಿಗೆ ವಾಪಸು ಬಂದರು.

"ಗೊತ್ತಾಗ್ತಾ ಇಲ್ಲ ಕಣಮ್ಮಾ," ಎಂದರು. "ನನಗೂ ಗೊತ್ತಾಗ್ತಾ ಇಲ್ಲ."